ಜೈಂಟ್ ರೋಬಾಟ್ ಹುಡುಕಿಕೊಂಡು ಟೋಕಿಯೊಗೆ

ಟೋಕಿಯೊದಲ್ಲಿ ಮಂಗಾ (ಜಪಾನಿ ಚಿತ್ರಕಥೆ ಪುಸ್ತಕ), ಅನಿಮೆ (ಜಪಾನಿ ಕಾರ್ಟೂನ್) ಬೊಂಬೆ, ಹಳೇ ಆಟಿಕೆ ಕೊಳ್ಳಬೇಕು ಅಂದರೆ ಎಲ್ಲರ ಬಾಯಲ್ಲೂ ಮೊದಲು ಬರುವುದು ಅಕಿಹಬಾರಾ. ಹೊಸ ಮಾಲು ಬೇಕಿದ್ದವರಿಗೆ ಅದು ಸರಿಯೇ. ಆದರೆ ಯಾರೋ ವರ್ಷಗಟ್ಟಲೆ ಜೋಪಾನ ಮಾಡಿ ಇಟ್ಟುಕೊಂಡಿದ್ದ ವಸ್ತು ಬೇಕು ಅನ್ನುವವರು ನಕಾನೊ ಹಾದಿ ಹಿಡಿಯಬೇಕು. ನವೆಂಬರ್ ಕೊನೆಯಲ್ಲಿ ತಮ್ಮನ ಮನೆಗೆ ಹೋದಾಗ ಒಂದು ಇಡೀ ದಿನವನ್ನು ನಕಾನೊಗೆ ಅಂತಲೇ ಎತ್ತಿಟ್ಟಿದ್ದೆ. ಉಳಿದ ದಿನಗಳಲ್ಲಿ ಕಂಡದ್ದನ್ನೂ ಬರೆದಿದ್ದೇನೆ, ಆದರೆ ಮನಸ್ಸು ನಿಂತದ್ದು ಅಲ್ಲೇ.

ಗುರುವಾರ

ನರಿತಾದಲ್ಲಿ ಇಳಿದು ನಿಶಿ-ಕಸಾಯ್ ತಲುಪುವ ಹೊತ್ತಿಗೆ ಪೂರ್ತಿ ಕತ್ತಲು. ಆ ತಿಂಗಳಲ್ಲಿ ಅಲ್ಲಿ ಸಂಜೆ ನಾಲ್ಕೂವರೆಗೇ ಸೂರ್ಯ ಮುಳುಗಿಬಿಡುತ್ತಾನೆ. ತಮ್ಮನ ಮನೆ ಇರುವುದು ಎದೊಗಾವಾ ವಾರ್ಡಿನ ಈ ಬಡಾವಣೆಯಲ್ಲಿ. 2000ದ ಆಸುಪಾಸಿನಲ್ಲಿ ವೈಟುಕೆ ಕೆಲಸಕ್ಕೆ, ಅಂದರೆ ಇಸವಿ 2000 ಆದಾಗ ಕಂಪ್ಯೂಟರ್ ತಾರೀಖು ತಪ್ಪದಂತೆ ಸರಿಪಡಿಸಲು, ಬಂದ ನಮ್ಮ ದೇಶದ ಎಂಜಿನಿಯರುಗಳು, ಓತೆಮಾಚಿಯ ಕಚೇರಿಗಳಿಗೆ ರೈಲು ಬದಲಿಸದೆ ಹೋಗಬಹುದು ಅಂತ ಇಲ್ಲಿ ಮನೆ ಹಿಡಿದರು. ಈಗ ತೊಗರಿಬೇಳೆ, ಹುಣಸೆಹಣ್ಣು, ಕರಿಬೇವು ಎಲ್ಲವೂ ನಡೆದುಹೋಗುವಷ್ಟು ದೂರದಲ್ಲೇ ಸಿಗುತ್ತವೆ.

ಊಟಕ್ಕೆ ಕೂತಾಗ ಮಾತು ಜೈಂಟ್ ರೋಬಾಟ್ ಕಡೆ ತಿರುಗಿತು. ಎಂಬತ್ತರ ದಶಕದಲ್ಲಿ ಮೈಸೂರಿನಲ್ಲಿ ನಾವಿಬ್ಬರೂ ಪಕ್ಕದ ಮನೆಯ ಕಪ್ಪು ಬಿಳುಪು ಟಿವಿಯ ಮುಂದೆ ನೆಲದ ಮೇಲೆ ಕೂತು ದೂರದರ್ಶನದಲ್ಲಿ ನೋಡಿದ ಧಾರಾವಾಹಿ ಅದು. ಜಾನಿ ಅನ್ನುವ ಹುಡುಗ ಕೈಗಡಿಯಾರಕ್ಕೆ ಬಾಯಿ ಹಿಡಿದು ಅಪ್ಪಣೆ ಕೊಟ್ಟರೆ ಈಜಿಪ್ಟಿನ ಫೇರೋ ಮುಖದ ದೈತ್ಯ ರೋಬೋ ಹಾರಿ ಬಂದು ರಾಕ್ಷಸರ ಜೊತೆ ಹೊಡೆದಾಡುತ್ತಿತ್ತು. ಬೆರಳುಗಳಿಂದ ಕ್ಷಿಪಣಿ ಹಾರುತ್ತಿದ್ದವು. ಕೊನೆಯ ಕಂತಿನಲ್ಲಿ ವೈರಿ ಚಕ್ರವರ್ತಿಯನ್ನು ಹಿಡಿದುಕೊಂಡು ರೋಬೋ ಆಕಾಶಕ್ಕೆ ಏರಿ, ಉಲ್ಕೆಗೆ ಡಿಕ್ಕಿ ಹೊಡೆದು ತಾನೂ ಇಲ್ಲವಾಗುತ್ತದೆ. ಅವತ್ತು ನಮ್ಮ ಬೀದಿಯ ಮಕ್ಕಳೆಲ್ಲ ಅತ್ತಿದ್ದೆವು. ಅದು ಜಪಾನಿನದು ಅಂತ ಆಗ ಗೊತ್ತಿರಲಿಲ್ಲ. ಟಿವಿಯಲ್ಲಿ ಎಲ್ಲರೂ ಇಂಗ್ಲಿಷ್ ಮಾತಾಡುತ್ತಿದ್ದರು.

ಮೂಲದಲ್ಲಿ ಅದು ಮಿತ್ಸುತೆರು ಯೊಕೊಯಾಮಾ ಅವರ ಮಂಗಾ, ಜಪಾನಿನಲ್ಲಿ ಹೆಸರು ಜೈಂಟ್ ರೋಬೋ. ತೋಯೆಯ್ ಕಂಪನಿ ಅದನ್ನು 1967ರ ಅಕ್ಟೋಬರಿನಿಂದ 1968ರ ಏಪ್ರಿಲ್‌ವರೆಗೆ 26 ಕಂತುಗಳಲ್ಲಿ ಟಿವಿಗೆ ತಂದಿತು. ಅಲ್ಲಿ ಜಾನಿಯ ಹೆಸರು ದೈಸಾಕು.

ತಮ್ಮನ ಮಗ ತಟ್ಟೆಯಿಂದ ತಲೆಯೆತ್ತಿದ. "ಅತ್ತೆ, ಅದು ಗಂಡಮ್‌ಗಿಂತ ಹಳೇದಾ?"

"ಹೌದು ಪುಟ್ಟಾ, ಹನ್ನೆರಡು ವರ್ಷ ಹಳೇದು."

ಅವನಿಗೆ ಅದು ದೊಡ್ಡ ಸಂಗತಿ. ಗಂಡಮ್ ಅಂದರೆ ಅಲ್ಲಿನ ಹೆಸರಾಂತ ರೋಬೋ ಕಾರ್ಟೂನ್. ಅವನ ಲೋಕದಲ್ಲಿ ರೋಬೋಗಳೆಲ್ಲ ಗಂಡಮ್‌ನಿಂದಲೇ ಶುರು. ನಾಳೆ ನಕಾನೊದಲ್ಲಿ ಜೈಂಟ್ ರೋಬೋ ಬೊಂಬೆ ಹುಡುಕುವುದು, ಶನಿವಾರ ಅವನನ್ನು ಇಕೆಬುಕುರೊಗೆ ಕರೆದೊಯ್ಯುವುದು ಅಂತ ತೀರ್ಮಾನವಾಯಿತು.

ಶುಕ್ರವಾರ

ತಮ್ಮ ಆಫೀಸಿಗೆ ರಜೆ ಹಾಕಿದ್ದ. ಬೆಳಗ್ಗೆ ಬೇಗ ಹೊರಡುವ ಅಗತ್ಯ ಇರಲಿಲ್ಲ. ನಕಾನೊದ ಆಟಿಕೆ ಅಂಗಡಿಗಳು ಬಾಗಿಲು ತೆಗೆಯುವುದೇ ಮಧ್ಯಾಹ್ನ ಹನ್ನೆರಡರ ಹೊತ್ತಿಗೆ. ನಿಶಿ-ಕಸಾಯ್ ಇರುವ ತೋಝಾಯ್ ಲೈನಿನ ಇನ್ನೊಂದು ತುದಿಯೇ ನಕಾನೊ, ಹಾಗಾಗಿ ಒಂದೇ ರೈಲು. ಬೆಳಗಿನ ಹೊತ್ತು ಟೋಕಿಯೊದ ಅತಿ ಹೆಚ್ಚು ನೂಕುನುಗ್ಗಲಿನ ಲೈನುಗಳಲ್ಲಿ ಇದೂ ಒಂದು. ನಾವು ಹತ್ತಿದ ಹೊತ್ತಿಗೆ ಕೂರಲು ಜಾಗ ಸಿಕ್ಕಿತು. ತಮ್ಮನ ಹೆಂಡತಿ ಪುಳಿಯೋಗರೆ ಕಟ್ಟಿಕೊಟ್ಟಿದ್ದಳು. ಸಸ್ಯಾಹಾರಿಗಳಿಗೆ ಇದು ದೊಡ್ಡ ನೆಮ್ಮದಿ, ಯಾಕೆಂದರೆ ನೋಡಲು ಬರೀ ತರಕಾರಿ ಅನ್ನಿಸುವ ನೂಡಲ್ಸ್ ಸಾರಿಗೂ ಅಲ್ಲಿ ಒಣಮೀನಿನ ರಸ ಬಿದ್ದಿರುತ್ತದೆ.

ನಕಾನೊ ಸ್ಟೇಷನ್ನಿನ ಉತ್ತರ ಬಾಗಿಲಿನಿಂದ ಹೊರಬಂದರೆ ಎದುರಿಗೇ ಸನ್ ಮಾಲ್. ಮೇಲೆ ಎತ್ತರದ ಚಾವಣಿ, ಎರಡೂ ಬದಿಗೆ ಚಪ್ಪಲಿ ಅಂಗಡಿ, ಔಷಧಿ ಅಂಗಡಿ, ಸಿಹಿತಿಂಡಿ ಅಂಗಡಿ. ಈ ಓಣಿ ಮುಗಿಯುವ ಕಡೆಯೇ ನಕಾನೊ ಬ್ರಾಡ್‌ವೇ ಶುರುವಾಗುತ್ತದೆ. ಎಲ್ಲಿ ಬೀದಿ ಮುಗಿದು ಎಲ್ಲಿ ಕಟ್ಟಡದೊಳಗೆ ಬಂದೆವೋ ತಿಳಿಯುವುದಿಲ್ಲ.

1966ರಲ್ಲಿ ಕಟ್ಟಿದಾಗ ಇದು ಸಿರಿವಂತರಿಗೆ ಅಂತ ಮಾಡಿದ್ದ ಕಟ್ಟಡ. ಕೆಳಗೆ ಅಂಗಡಿಗಳು, ಐದರಿಂದ ಹತ್ತನೇ ಮಹಡಿವರೆಗೆ ಮನೆಗಳು, ತಾರಸಿಯ ಮೇಲೆ ತೋಟ, ಈಜುಕೊಳ. ಮನೆಗಳಲ್ಲಿ ಈಗಲೂ ಜನ ಇದ್ದಾರೆ. ಆಟಿಕೆ ಲೋಕ ಇಲ್ಲಿ ಬೇರೂರಿದ್ದು 1980ರಲ್ಲಿ, ಮಂಗಾ ಬರೆಯುತ್ತಿದ್ದ ಮಸುಝೊ ಫುರುಕಾವಾ ಅವರು ಹಳೇ ಮಂಗಾ ಪುಸ್ತಕ ಮಾರುವ ಒಂದು ಪುಟ್ಟ ಅಂಗಡಿ ತೆರೆದ ಮೇಲೆ. ಅದೇ ಇವತ್ತಿನ ಮಂದರಾಕೆ. ಈಗ ಅದರ ಮಳಿಗೆಗಳೇ ಈ ಕಟ್ಟಡದ ತುಂಬ ಹರಡಿವೆ: ಒಂದರಲ್ಲಿ ಬರೀ ಪುಸ್ತಕ, ಇನ್ನೊಂದರಲ್ಲಿ ರೈಲು ಮಾದರಿ, ಮತ್ತೊಂದರಲ್ಲಿ ಬೊಂಬೆ.

ಒಳಗೆ ಹೋದ ಕೂಡಲೆ ಒಂದು ಎಸ್ಕಲೇಟರ್ ಸಿಗುತ್ತದೆ. ಅದು ಎರಡನೇ ಮಹಡಿಯನ್ನು ಬಿಟ್ಟು ನೇರ ಮೂರನೆಯದಕ್ಕೆ ಹೋಗುತ್ತದೆ. (ಅವರು ನೆಲಮಹಡಿಯನ್ನೇ ಒಂದು ಅಂತ ಎಣಿಸುತ್ತಾರೆ.) ಎರಡನೇ ಮಹಡಿಯನ್ನು ಅನೇಕರು ನೋಡದೆ ಬರುವುದು ಈ ಕಾರಣಕ್ಕೇ. ಮೆಟ್ಟಿಲು ಇಳಿದು ಅಲ್ಲಿಗೂ ಹೋಗಲೇಬೇಕು, ಸಣ್ಣ ಅಂಗಡಿಗಳು ಹೆಚ್ಚಾಗಿ ಇರುವುದು ಅಲ್ಲಿ. ಕಲಾವಿದ ತಕಾಶಿ ಮುರಕಾಮಿ ಅವರ ಕಾಫಿ ಅಂಗಡಿಯೂ ಅದೇ ಮಹಡಿಯಲ್ಲಿದೆ.

ಓಣಿಗಳಲ್ಲಿ ನಡೆಯುತ್ತಾ ಹೋದರೆ ಎರಡೂ ಕಡೆ ಗಾಜಿನ ಕಪಾಟು. ಕೆಲವು ಅಂಗಡಿಗಳಲ್ಲಿ ಈ ಕಪಾಟಿನ ಒಂದೊಂದು ಖಾನೆಯನ್ನೂ ಬೇರೆ ಬೇರೆಯವರಿಗೆ ತಿಂಗಳ ಬಾಡಿಗೆಗೆ ಕೊಟ್ಟಿರುತ್ತಾರೆ. ಬಾಡಿಗೆ ಹಿಡಿದವರು ತಮ್ಮ ಸಂಗ್ರಹದ ವಸ್ತುಗಳನ್ನು ತಾವೇ ಬೆಲೆ ಬರೆದು ಇಡುತ್ತಾರೆ, ಮಾರುವ ಕೆಲಸ ಅಂಗಡಿಯವರದು. ಹಾಗಾಗಿ ಒಂದು ಖಾನೆಯಲ್ಲಿ ಬರೀ ಸೈಲರ್ ಮೂನ್ ಕನ್ನಡಿಗಳು, ಪಕ್ಕದ ಖಾನೆಯಲ್ಲಿ ಬರೀ ಬುಲೆಟ್ ರೈಲು, ಅದರ ಕೆಳಗೆ ಡೋರೆಮಾನ್ ಗಡಿಯಾರ. ಒಬ್ಬೊಬ್ಬರ ಪ್ರೀತಿ ಒಂದೊಂದು ಚೌಕದಲ್ಲಿ ಕಾಣುತ್ತದೆ. ಒಂದೇ ಬೊಂಬೆಗೆ ಒಂದು ಖಾನೆಯಲ್ಲಿ 2,800 ಯೆನ್, ನಾಲ್ಕು ಹೆಜ್ಜೆ ಆಚೆ 1,900. ಇಡೀ ಕಟ್ಟಡ ಸುತ್ತಿ ಮುಗಿಯುವ ತನಕ ಕೈಚೀಲ ತೆಗೆಯಬಾರದು. ನಾವು ಹೋದಾಗ ಒಂದು ಯೆನ್‌ಗೆ ಅರವತ್ತು ಪೈಸೆಗಿಂತ ಸ್ವಲ್ಪ ಕಡಿಮೆ ಇತ್ತು.

ನನಗೆ ಎಲ್ಲಕ್ಕಿಂತ ಹೆಚ್ಚು ಹಿಡಿಸಿದ್ದು ಬೆಲೆಚೀಟಿ. ಪ್ರತಿ ಬೊಂಬೆಗೂ ಅಂಟಿಸಿದ ಬಿಳಿ ಚೀಟಿಯಲ್ಲಿ ಬೆಲೆಯ ಕೆಳಗೆ ಸಣ್ಣ ಅಕ್ಷರದ ಸಾಲುಗಳು. ತಮ್ಮ ಓದಿ ಹೇಳುತ್ತಾ ಹೋದ. "ಪೆಟ್ಟಿಗೆಯ ಬಲ ಮೂಲೆ ಜಜ್ಜಿದೆ." "ಎಡಗೈ ಕಿರುಬೆರಳಲ್ಲಿ ಬಣ್ಣ ಎದ್ದಿದೆ." "ಒಳಗಿನ ಪ್ಲಾಸ್ಟಿಕ್ ಹಳದಿಯಾಗಿದೆ, ಬಿಡಿಭಾಗ ಎಲ್ಲ ಇವೆ." "ತೆರೆದಿಲ್ಲ." "ತೆರೆದಿದೆ, ಆಡಿಲ್ಲ." ಗಾಜಿಗೆ ಮೂಗು ತಾಗಿಸಿ ನೋಡಿದರೂ ನನಗೆ ಕಾಣದ ಗೀರನ್ನು ಮಾರುವವರೇ ಬರೆದು ಅಂಟಿಸಿದ್ದರು. ನಮ್ಮಲ್ಲಿ ಸೆಕೆಂಡ್ ಹ್ಯಾಂಡ್ ಅಂದರೆ ಊನ ಹುಡುಕುವುದು ಕೊಳ್ಳುವವರ ಕೆಲಸ, ಮುಚ್ಚುವುದು ಮಾರುವವರ ಕೆಲಸ. ಇಲ್ಲಿ ಚೌಕಾಸಿ ಇಲ್ಲ, ಚೌಕಾಸಿಗೆ ಕಾರಣವೂ ಉಳಿದಿರುವುದಿಲ್ಲ. ಬೆಲೆ ಇಳಿದಿರುವುದು ಯಾಕೆ ಅಂತ ಚೀಟಿಯೇ ಹೇಳಿಬಿಡುತ್ತದೆ. ಹಳೇ ವಸ್ತುವನ್ನು ಭಯವಿಲ್ಲದೆ ಕೊಳ್ಳಬಹುದಾದ ಊರು ಟೋಕಿಯೊ ಅಂತ ನಾನು ಹೇಳುವುದು ಈ ಚೀಟಿಗಳ ಬಲದ ಮೇಲೆ.

ಅನಿಮೆ ಸೆಲ್ ಮಾರುವ ಜಾಗದಲ್ಲಿ ಬಹಳ ಹೊತ್ತು ನಿಂತೆವು. ಕಂಪ್ಯೂಟರ್ ಬರುವ ಮೊದಲು ಕಾರ್ಟೂನ್ ಚಿತ್ರದ ಪ್ರತಿಯೊಂದು ಚಲನೆಯನ್ನೂ ಪಾರದರ್ಶಕ ಹಾಳೆಯ ಮೇಲೆ ಬರೆದು, ಹಿನ್ನೆಲೆಯ ಚಿತ್ರದ ಮೇಲಿಟ್ಟು, ಕ್ಯಾಮೆರಾದಲ್ಲಿ ಒಂದೊಂದಾಗಿ ಸೆರೆಹಿಡಿಯುತ್ತಿದ್ದರು. ಆ ಹಾಳೆಯೇ ಸೆಲ್. ಕೆಲಸ ಮುಗಿದ ಮೇಲೆ ಎಷ್ಟೋ ಸೆಲ್‌ಗಳು ಕಸಕ್ಕೆ ಹೋದವು. ಉಳಿದವು ಇಂಥ ಅಂಗಡಿಗಳಲ್ಲಿ ಫೈಲು ಫೈಲಾಗಿ ಸಿಗುತ್ತವೆ. 2000ದ ಹೊತ್ತಿಗೆ ಸ್ಟುಡಿಯೋಗಳು ಹೆಚ್ಚುಕಡಿಮೆ ಎಲ್ಲವೂ ಕಂಪ್ಯೂಟರಿಗೆ ಬದಲಾದವು. ಕೊನೆಯವರೆಗೆ ಸೆಲ್ ಬಿಡದೆ ಇದ್ದ ಸಾಝಾಎ-ಸಾನ್ ಧಾರಾವಾಹಿಯೂ 2013ರಲ್ಲಿ ನಿಲ್ಲಿಸಿತು. ಇನ್ನು ಹೊಸ ಸೆಲ್ ಹುಟ್ಟುವುದಿಲ್ಲ, ಇರುವಷ್ಟೇ.

ಹೆಸರಾಂತ ಪಾತ್ರದ್ದಾದರೆ ಒಂದು ಹಾಳೆಗೆ ಲಕ್ಷಗಟ್ಟಲೆ ಯೆನ್ ಆಗುವುದುಂಟು. ನಾನು ತಿರುವಿದ್ದು ಅಗ್ಗದ ಫೈಲನ್ನು. ಛತ್ರಿ ಹಿಡಿದು ನಿಂತ ಹೆಂಗಸೊಬ್ಬಳ ಸೆಲ್ ಕೈಗೆ ಬಂತು. ಯಾವ ಧಾರಾವಾಹಿಯದೋ, ಬಹುಶಃ ಗುಂಪಿನಲ್ಲಿ ಒಂದು ಕ್ಷಣ ಕಂಡು ಮರೆಯಾದವಳು. ಮುಂದಿನಿಂದ ನೋಡಿದರೆ ಬಣ್ಣ ನುಣ್ಣಗೆ, ಸಮವಾಗಿ, ಅಚ್ಚು ಹಾಕಿದ ಹಾಗೆ. ತಿರುಗಿಸಿದರೆ ಬೇರೆಯೇ ಲೋಕ. ಬಣ್ಣ ಹಚ್ಚುವುದು ಹಾಳೆಯ ಹಿಂಬದಿಗೆ, ಅಲ್ಲಿ ಕುಂಚದ ಗುರುತುಗಳು ಗುಡ್ಡೆಗುಡ್ಡೆಯಾಗಿ ನಿಂತಿದ್ದವು. ಸೀರೆಯಷ್ಟು ಕೆಂಪಾದ ಕೋಟಿನ ಒಂದು ಕಡೆ ಬಣ್ಣ ಗೆರೆ ದಾಟಿ ಕೂದಲೆಳೆಯಷ್ಟು ಆಚೆ ಹೋಗಿತ್ತು. ಅಂಚಿನಲ್ಲಿ ಮೂರು ರಂಧ್ರ: ನಡುವೆ ದುಂಡಗಿನದೊಂದು, ಆಚೀಚೆ ಉದ್ದನೆಯವು ಎರಡು. ಹಾಳೆ ಅಲುಗದಂತೆ ಮೊಳೆಗೆ ಸಿಕ್ಕಿಸಲು ಮಾಡಿದ್ದು. ಮೂಲೆಯಲ್ಲಿ ಪೆನ್ನಿನಿಂದ ಬರೆದ ಕ್ರಮಸಂಖ್ಯೆ. ಮೂಸಿ ನೋಡಿದೆ. ಹಳೇ ಸೆಲ್‌ಗಳು ಹಾಳಾಗತೊಡಗಿದರೆ ವಿನೆಗರ್ ವಾಸನೆ ಬರುತ್ತದೆ. ಇದಕ್ಕೆ ಬಂದಿರಲಿಲ್ಲ. 1,500 ಯೆನ್ ಕೊಟ್ಟು ತೆಗೆದುಕೊಂಡೆ. ಯಾರೋ ಸ್ಟುಡಿಯೋದಲ್ಲಿ ಕೂತು, ಪರದೆಯ ಮೇಲೆ ಸೆಕೆಂಡೂ ನಿಲ್ಲದ ಈ ಹೆಂಗಸಿನ ಕೋಟಿಗೆ ಅಷ್ಟು ಶ್ರದ್ಧೆಯಿಂದ ಬಣ್ಣ ತುಂಬಿದ್ದಾರೆ. ಅದನ್ನು ಚೌಕಟ್ಟು ಹಾಕಿಸದೆ ಇರಲಾರೆ.

ನಾಲ್ಕನೇ ಮಹಡಿಯಲ್ಲಿ ಸಾಲಾಗಿ ನಿಲ್ಲಿಸಿದ ಕೆಂಪು ತೋರಿ ಕಮಾನುಗಳ (ಜಪಾನಿನ ದೇಗುಲಗಳ ಮುಂದಿರುವಂಥವು) ಕೆಳಗೆ ನಡೆದು ಹೋದರೆ ಮಂದರಾಕೆಯ ಹಳೇ ವಸ್ತುಗಳ ಮಳಿಗೆ ಹೆನ್ಯಾ ಸಿಗುತ್ತದೆ. ತಗಡಿನ ಕಾರು, ಹಳೇ ಜಾಹೀರಾತು ಫಲಕ, ನಮ್ಮ ಅಜ್ಜಿಯರ ಕಾಲದ ಬೊಂಬೆ. ಇಲ್ಲಿ ನಾನು ನೋಡಬೇಕು ಅಂತ ಬಂದದ್ದು ಸೋಫುಬಿ, ಅಂದರೆ ಮೆತ್ತನೆ ವಿನೈಲ್ ಬೊಂಬೆಗಳನ್ನು. 1966ರಲ್ಲಿ ಟಿವಿಯಲ್ಲಿ ಅಲ್ಟ್ರಾಮ್ಯಾನ್ ಬಂದು ರಾಕ್ಷಸರ ಹುಚ್ಚು ಹತ್ತಿದಾಗ ಮರುಸಾನ್ ಕಂಪನಿ ಈ ಬೊಂಬೆಗಳನ್ನು ಮಾರುಕಟ್ಟೆಗೆ ಬಿಟ್ಟಿತು. ಮರುಸಾನ್ ಮುಳುಗಿದ ಮೇಲೆ ಅಲ್ಲಿನ ಕೆಲಸಗಾರರೇ ಕಟ್ಟಿದ ಬುಲ್‌ಮಾರ್ಕ್ ಅದನ್ನು ಮುಂದುವರಿಸಿತು. ಆಗಿನ ಬೊಂಬೆಗಳ ಬಣ್ಣಕ್ಕೂ ಟಿವಿಯ ರಾಕ್ಷಸರಿಗೂ ಸಂಬಂಧವೇ ಇಲ್ಲ. ಹಸಿರು ಮೈಗೆ ಗುಲಾಬಿ ಹೊಟ್ಟೆ, ನೀಲಿ ರಾಕ್ಷಸನಿಗೆ ಬೆಳ್ಳಿಯ ಬೆನ್ನು. ಮಗುವಿನ ಕೈಗೆ ಇಷ್ಟವಾಗಲಿ ಅಂತಲೇ ಮಾಡಿದ ಗುಂಡು ಹೊಟ್ಟೆ, ದೊಡ್ಡ ಕಣ್ಣು.

ಇವನ್ನು ಮಾಡುವ ರೀತಿ ಗೊತ್ತಾದ ಮೇಲೆ ಮೋಹ ಇನ್ನೂ ಹೆಚ್ಚುತ್ತದೆ. ಮೊದಲು ಮೇಣದಲ್ಲಿ ರೂಪ ತಿದ್ದಿ, ಅದರ ಮೇಲೆ ಲೋಹದ ಲೇಪ ಬೆಳೆಸಿ ಅಚ್ಚು ಮಾಡುತ್ತಾರೆ. ಅಚ್ಚಿಗೆ ದ್ರವ ವಿನೈಲ್ ಸುರಿದು ಬಿಸಿ ಮಾಡುತ್ತಾರೆ. ಅಚ್ಚಿನ ಗೋಡೆಗೆ ತಾಗಿದ ಪದರ ಮಾತ್ರ ಗಟ್ಟಿಯಾಗುತ್ತದೆ, ಉಳಿದ ದ್ರವ ಹೊರಗೆ ಸುರಿಯುತ್ತಾರೆ. ಮತ್ತೆ ಕಾಯಿಸಿ, ಬಿಸಿ ಇರುವಾಗಲೇ ಕೆಲಸಗಾರ ಇಕ್ಕಳ ಹಾಕಿ ಎಳೆದರೆ ದಪ್ಪ ಹೊಟ್ಟೆಯ ರಾಕ್ಷಸ ಅಚ್ಚಿನ ಸಣ್ಣ ಬಾಯಿಯಿಂದ ಮುದುಡಿಕೊಂಡು ಹೊರಬಂದು, ಗಾಳಿಗೆ ಮತ್ತೆ ಅರಳಿಕೊಳ್ಳುತ್ತದೆ. ಇವತ್ತಿಗೂ ಇದು ಕೈಯ ಕೆಲಸವೇ. ಅರವತ್ತರ ದಶಕದ ಅಸಲಿ ಬೊಂಬೆಗಳು, ಅದರಲ್ಲೂ ಮೂಲದ ಕಾಗದದ ಚೀಟಿ ಇದ್ದವು, ನಮ್ಮ ಕೈಗೆಟುಕುವ ಬೆಲೆಯವಲ್ಲ. ಕಣ್ತುಂಬ ನೋಡಿದ್ದೇ ಸಾಕಾಯಿತು.

ಜೈಂಟ್ ರೋಬೋ ಸಿಕ್ಕಿದ್ದು ಎರಡನೇ ಮಹಡಿಯ ಹಿಂದಿನ ಓಣಿಯಲ್ಲಿ, ವಯಸ್ಸಾದ ಒಬ್ಬರು ನಡೆಸುವ ಅಂಗಡಿಯಲ್ಲಿ. ಇಬ್ಬರು ಒಟ್ಟಿಗೆ ನಿಂತರೆ ಮೂರನೆಯವರು ಒಳಗೆ ಬರಲಾಗದಷ್ಟು ಇಕ್ಕಟ್ಟು. ನನ್ನ ಕಣ್ಣು ಮೇಲಿನ ಸಾಲಿನಲ್ಲಿತ್ತು, ತಮ್ಮ ಕೆಳಗೆ ಕುಕ್ಕರಗಾಲಲ್ಲಿ ಕೂತಿದ್ದ.

"ಅಕ್ಕಾ," ಅಂದ. ಅಷ್ಟೇ.

ಕೆಳಗಿನ ಖಾನೆಯ ಮೂಲೆಯಲ್ಲಿ ಉಕ್ಕಿನ ಬೂದು ಬಣ್ಣದ ರೋಬೋ. ಫೇರೋ ಕಿರೀಟ, ಎದೆ ಸೆಟೆದು ನಿಂತ ಭಂಗಿ, ಗೇಣಿಗಿಂತ ಸ್ವಲ್ಪ ಎತ್ತರ. ಹೆಸರು ಹೇಗೆ ಕೇಳುವುದು ಅಂತ ಯೋಚಿಸುವ ಮೊದಲೇ ತಮ್ಮ ಎದ್ದು ನಿಂತು ಎಡಗೈ ಗಡಿಯಾರವನ್ನು ಬಾಯಿಗೆ ಹಿಡಿದ. ಅಂಗಡಿಯ ಹಿರಿಯರು ಅವನನ್ನೇ ನೋಡಿದರು. ಆಮೇಲೆ ತಾವೂ ಎಡಗೈ ಮೇಲೆತ್ತಿ, ಗಡಿಯಾರಕ್ಕೆ ಜಪಾನಿಯಲ್ಲಿ ಏನೋ ಅಪ್ಪಣೆ ಕೊಟ್ಟರು. ಇಂಡಿಯಾದಲ್ಲೂ ಮಕ್ಕಳು ಇದನ್ನು ನೋಡಿದ್ದರು ಅಂತ ತಮ್ಮ ಹೇಳಿದಾಗ ಅವರಿಗೆ ನಂಬಲಾಗಲಿಲ್ಲ. ಯಾವ ವರ್ಷ, ಯಾವ ಭಾಷೆಯಲ್ಲಿ, ಕೊನೆಯ ಕಂತು ಬಂದಿತ್ತಾ ಅಂತ ಒಂದರ ಮೇಲೊಂದು ಪ್ರಶ್ನೆ. ಬಂದಿತ್ತು, ಎಲ್ಲರೂ ಅತ್ತಿದ್ದೆವು ಅಂದೆವು. ಅವರು ತಲೆಯಾಡಿಸಿ ತಮ್ಮ ಕಣ್ಣಿನ ಕೆಳಗೆ ಬೆರಳಿನಿಂದ ಗೆರೆ ಎಳೆದು ತೋರಿಸಿದರು.

ಬೊಂಬೆ ಅರವತ್ತರ ದಶಕದ್ದಲ್ಲ, ಬಹಳ ವರ್ಷಗಳ ನಂತರ ಮತ್ತೆ ತಯಾರಿಸಿದ್ದು. ಚೀಟಿಯಲ್ಲಿ ಅದನ್ನೂ ಬರೆದಿತ್ತು. ಅವರು ಗಲ್ಲಾದ ಮೇಲೆ ಮೆತ್ತನೆ ಬಟ್ಟೆ ಹಾಸಿ ರೋಬೋವನ್ನು ಮಲಗಿಸಿದರು. ಎರಡೂ ತೋಳು ತಿರುಗಿಸಿ ತೋರಿಸಿದರು, ಬಲಗಡೆಯದು ಸ್ವಲ್ಪ ಸಡಿಲ. ಎಡ ಹಿಮ್ಮಡಿಯಲ್ಲಿ ಅಕ್ಕಿಕಾಳಿನಷ್ಟು ಬಣ್ಣ ಹೋಗಿತ್ತು, ಅದರ ಮೇಲೆ ಬೆರಳಿಟ್ಟು ನಮ್ಮ ಮುಖ ನೋಡಿದರು. ಸರಿ ಅಂದ ಮೇಲೆ ಅಂಗಾಲಿನಲ್ಲಿ ಉಬ್ಬಿಸಿದ ತಯಾರಕರ ಗುರುತು ತೋರಿಸಿದರು. ಇಷ್ಟೆಲ್ಲ ಆದ ಮೇಲೆಯೇ ದುಡ್ಡಿನ ತಟ್ಟೆ ಮುಂದೆ ಬಂದದ್ದು. ಬೆಲೆ 6,600 ಯೆನ್. ಪಾಸ್‌ಪೋರ್ಟ್ ತೋರಿಸಿದ್ದಕ್ಕೆ 10% ತೆರಿಗೆ ಬಿಟ್ಟು 6,000, ನಮ್ಮ ಲೆಕ್ಕದಲ್ಲಿ ಸುಮಾರು 3,400 ರೂಪಾಯಿ. ಪ್ರವಾಸಿಗರಿಗೆ ಈ ರಿಯಾಯಿತಿ ಸಿಗಬೇಕಾದರೆ ಅಂಗಡಿ ಅದಕ್ಕೆ ನೋಂದಣಿ ಮಾಡಿಸಿರಬೇಕು, ತೆರಿಗೆ ಬಿಟ್ಟು ಕನಿಷ್ಠ 5,000 ಯೆನ್ ವ್ಯಾಪಾರ ಆಗಿರಬೇಕು.

ನೆಲಮಾಳಿಗೆಯಲ್ಲಿ ತರಕಾರಿ, ಮೀನು, ಬಟ್ಟೆ ಅಂಗಡಿಗಳಿವೆ, ಸುತ್ತಲಿನ ಮನೆಯವರು ಸಂಜೆಯ ಸಾಮಾನಿಗೆ ಬರುವ ಜಾಗ. ಅಲ್ಲಿನ ಡೈಲಿ ಚಿಕೊದಲ್ಲಿ ಎಂಟು ರುಚಿಯ ಐಸ್‌ಕ್ರೀಮನ್ನು ಒಂದರ ಮೇಲೊಂದು ಪೇರಿಸಿ ಕೊಡುತ್ತಾರೆ. ಇಬ್ಬರೂ ಒಂದನ್ನೇ ಹಂಚಿಕೊಂಡೆವು.

ಶನಿವಾರ

ಇವತ್ತು ಅಳಿಯನ ದಿನ. ಇಕೆಬುಕುರೊದ ಸನ್‌ಶೈನ್ ಸಿಟಿಯಲ್ಲಿ ಬಂದಾಯ್ ಕಂಪನಿಯ ಗಾಶಪಾನ್ ಮಳಿಗೆ ಇದೆ. 2021ರಲ್ಲಿ ತೆರೆದಾಗ ಮೂರು ಸಾವಿರಕ್ಕಿಂತ ಹೆಚ್ಚು ಯಂತ್ರಗಳಿಟ್ಟು ಗಿನ್ನೆಸ್ ದಾಖಲೆ ಸೇರಿದ ಜಾಗ. ನಾಣ್ಯ ಹಾಕಿ ಹಿಡಿ ತಿರುಗಿಸಿದರೆ ಪ್ಲಾಸ್ಟಿಕ್ ಗೋಲಿಯೊಳಗೆ ಒಂದು ಪುಟ್ಟ ಆಟಿಕೆ ಬೀಳುತ್ತದೆ. ಯಾವುದು ಬೀಳುತ್ತದೆ ಅಂತ ಮೊದಲೇ ಗೊತ್ತಾಗುವುದಿಲ್ಲ. 1965ರಲ್ಲಿ ಅಮೆರಿಕದಿಂದ ಬಂದ ಯಂತ್ರ ಇದು. ಇವತ್ತು ಅಮೆರಿಕದವರು ಇದನ್ನು ನೋಡಲು ಜಪಾನಿಗೆ ಬರುತ್ತಾರೆ.

ಒಳಗೆ ಸಿಗುವ ವಸ್ತುಗಳಲ್ಲಿ ಕಾರ್ಟೂನ್ ಪಾತ್ರಗಳಷ್ಟೇ ಅಲ್ಲ, ಬೆರಳುದ್ದದ ಅನ್ನದ ಕುಕ್ಕರ್, ರೈಲಿನ ಎಚ್ಚರಿಕೆ ಗುಂಡಿ, ಕಚೇರಿಯ ಮಡಚುವ ಕುರ್ಚಿ ಕೂಡ ಇವೆ. ಕುರ್ಚಿ ನಿಜವಾಗಿ ಮಡಚುತ್ತದೆ. ನಾಲ್ಕು ನೂರು ಯೆನ್ನಿನ ವಸ್ತುವಿಗೆ ಅಷ್ಟು ನಿಗಾ. ಅಳಿಯ ತನಗೆ ಬೇಕಾದ ಪೋಕೆಮಾನ್ ಬೀಳುವ ತನಕ ತಿರುಗಿಸುತ್ತೇನೆ ಅಂದ. ಅವನಮ್ಮ ಕೊಟ್ಟ ನಾಣ್ಯದ ಚೀಲ ಮುಗಿದ ಮೇಲೆ ಬರುವುದು ಅಂತ ಒಪ್ಪಂದ. ಬೇಕಾದದ್ದು ಬೀಳಲಿಲ್ಲ. ಆದರೆ ಪಕ್ಕದಲ್ಲಿ ತಿರುಗಿಸುತ್ತಿದ್ದ ಹುಡುಗಿಗೆ ಅದು ಎರಡು ಸಲ ಬಿದ್ದಿತ್ತು. ಇಬ್ಬರೂ ತಲೆಬಾಗಿಸಿ ಅದಲು ಬದಲು ಮಾಡಿಕೊಂಡರು. ಖಾಲಿ ಗೋಲಿಗಳನ್ನು ಅಲ್ಲೇ ಇಟ್ಟ ಡಬ್ಬಿಗೆ ಹಾಕಿ ಬಂದೆವು.

ಹತ್ತಿರದಲ್ಲೇ ಅನಿಮೇಟ್ ಅಂಗಡಿಯ ದೊಡ್ಡ ಮಳಿಗೆ. 1983ರಲ್ಲಿ ಇದೇ ಇಕೆಬುಕುರೊದಲ್ಲಿ ಶುರುವಾಗಿ ಇವತ್ತು ದೇಶದ ತುಂಬ ಹಬ್ಬಿದೆ. ಈ ಭಾಗಕ್ಕೆ ಹುಡುಗಿಯರೇ ಹೆಚ್ಚು ಬರುತ್ತಾರೆ. ತಮ್ಮ ಮೆಚ್ಚಿನ ಪಾತ್ರದ ಬ್ಯಾಡ್ಜುಗಳನ್ನು ಪಾರದರ್ಶಕ ಕೈಚೀಲದ ತುಂಬ ಒತ್ತೊತ್ತಾಗಿ ಚುಚ್ಚಿಕೊಂಡು ಗುಂಪುಗುಂಪಾಗಿ ಓಡಾಡುತ್ತಿದ್ದರು. ನಾವು ಒಳಗೆ ಒಂದು ಸುತ್ತು ಹಾಕಿ ಹೊರಟೆವು, ಆ ಜನಜಂಗುಳಿಯಲ್ಲಿ ನಿಂತು ನೋಡುವುದು ಕಷ್ಟ.

ಭಾನುವಾರ

ಅಕಿಹಬಾರಾಕ್ಕೆ ಭಾನುವಾರವೇ ಹೋಗಬೇಕು. ಮಧ್ಯಾಹ್ನ ಒಂದರಿಂದ ಚುಓ ಬೀದಿಗೆ ವಾಹನ ಬಿಡುವುದಿಲ್ಲ, ನಡುರಸ್ತೆಯಲ್ಲಿ ಆರಾಮಾಗಿ ನಡೆಯಬಹುದು.

ತಮ್ಮನಿಗೆ ಇದು ಬೇರೆ ಕಾರಣಕ್ಕೆ ಪ್ರೀತಿಯ ಊರು. ಯುದ್ಧ ಮುಗಿದ ಮೇಲೆ ಇಲ್ಲಿನ ರಸ್ತೆಬದಿಯಲ್ಲಿ ರೇಡಿಯೋ ಬಿಡಿಭಾಗ ಮಾರುವ ಗಾಡಿಗಳು ಸಾಲುಗಟ್ಟಿದ್ದವು. ಆಮೇಲೆ ಅವು ರೈಲು ಹಳಿಯ ಕೆಳಗಿನ ಮಳಿಗೆಗಳಿಗೆ ಹೋದವು. ಆ ಮಳಿಗೆಗಳು ಇವತ್ತೂ ಇವೆ. ಡಬ್ಬಿಡಬ್ಬಿ ರೆಸಿಸ್ಟರ್, ಸ್ವಿಚ್ಚು, ಬಣ್ಣಬಣ್ಣದ ತಂತಿಯ ನಡುವೆ ಒಬ್ಬೊಬ್ಬರೇ ಕೂತಿರುತ್ತಾರೆ. ಸ್ಟೇಷನ್ನಿನ ಎದುರಿನ ರೇಡಿಯೋ ಕೈಕಾನ್ ಕಟ್ಟಡದಲ್ಲಿ 1976ರಲ್ಲಿ ಎನ್‌ಇಸಿ ಕಂಪನಿ ಮೈಕ್ರೋಕಂಪ್ಯೂಟರ್ ಆಸಕ್ತರಿಗೆ ಕೇಂದ್ರ ತೆರೆದಿತ್ತು. ತೊಂಬತ್ತರ ದಶಕದ ಕೊನೆಯಲ್ಲಿ ಕೈಯೋದೊದಂಥ ಬೊಂಬೆ ತಯಾರಕರು ಅದೇ ಕಟ್ಟಡಕ್ಕೆ ಬಂದರು. ಕಂಪ್ಯೂಟರ್ ಕೊಳ್ಳಲು ಬರುತ್ತಿದ್ದ ಹುಡುಗರೇ ಅನಿಮೆ ಪ್ರಿಯರೂ ಆಗಿದ್ದರಿಂದ ಇಡೀ ಬಡಾವಣೆಯ ಬಣ್ಣವೇ ಬದಲಾಯಿತು. ಹಳೇ ಕಟ್ಟಡ ಕೆಡವಿ 2014ರಲ್ಲಿ ಹೊಸದು ಎದ್ದಿದೆ, ಹತ್ತು ಮಹಡಿ. ಒಳಗೆ ಕಾರ್ಡು, ಬೊಂಬೆ, ಬಾಡಿಗೆ ಖಾನೆಗಳು.

ನಕಾನೊ ನೋಡಿ ಬಂದ ಕಣ್ಣಿಗೆ ಇಲ್ಲಿನ ಬೆಲೆಗಳು ತುಸು ಹೆಚ್ಚು ಅನ್ನಿಸಿದವು, ಗದ್ದಲವೂ ಹೆಚ್ಚು. ಹೊಸದಾಗಿ ಬಿಡುಗಡೆಯಾದ ಬೊಂಬೆ, ಮಾದರಿ ಕಿಟ್, ಹಳೇ ವಿಡಿಯೋ ಗೇಮ್ ಬೇಕಿದ್ದರೆ ಮಾತ್ರ ಅಕಿಹಬಾರಾಕ್ಕೆ ಸಾಟಿ ಇಲ್ಲ. ಸೂಪರ್ ಪೊಟೇಟೊ ಅಂಗಡಿಯ ಮೇಲಿನ ಮಹಡಿಯಲ್ಲಿ ನಾಣ್ಯ ಹಾಕಿ ಆಡುವ ಹಳೇ ಯಂತ್ರಗಳಿವೆ. ಅಪ್ಪ ಮಗ ಅಲ್ಲಿಂದ ಏಳಲು ಒಪ್ಪಲೇ ಇಲ್ಲ.

ಅಳಿಯನಿಗೆ ಗಂಡಮ್ ಕಿಟ್ ಕೊಡಿಸಿದೆ. 1980ರ ಜುಲೈನಲ್ಲಿ ಮೊದಲ ಕಿಟ್ ಬಂದಾಗ ಅದರ ಬೆಲೆ 300 ಯೆನ್, ಅಂಟು ಹಚ್ಚಿ ಜೋಡಿಸಿ ಬಣ್ಣ ಬಳಿಯಬೇಕಿತ್ತು. ಈಗಿನದಕ್ಕೆ ಅಂಟೂ ಬೇಡ, ಬಣ್ಣವೂ ಬೇಡ. ರಾತ್ರಿ ಊಟದ ಮೇಜಿನ ಮೇಲೆ ಪತ್ರಿಕೆ ಹಾಸಿ ಅವನು ಸಣ್ಣ ಕಟರ್ ಹಿಡಿದು ಕೂತ. ಚೌಕಟ್ಟಿನಿಂದ ಒಂದೊಂದೇ ತುಂಡನ್ನು ಎರಡು ಸಲ ಕತ್ತರಿಸುತ್ತಿದ್ದ. ಮೊದಲ ಸಲ ಸ್ವಲ್ಪ ದೂರದಲ್ಲಿ, ಎರಡನೇ ಸಲ ತುಂಡಿಗೆ ತಾಗಿಸಿ. ಹಾಗೆ ಮಾಡಿದರೆ ಬಿಳಿ ಕಲೆ ಬೀಳುವುದಿಲ್ಲವಂತೆ. "ಇಲ್ಲಿ ನೋಡಿ ಅತ್ತೆ" ಅಂತ ಕತ್ತರಿಸಿದ ಅಂಚನ್ನು ದೀಪಕ್ಕೆ ಹಿಡಿದು ತೋರಿಸಿದ.

ಸೋಮವಾರ

ರೋಬೋ ಯಾರ ಮನೆಯಲ್ಲಿ ಇರಬೇಕು ಅನ್ನುವ ಮಾತು ಬೆಳಗಿನ ತಿಂಡಿಯ ಹೊತ್ತಿಗೆ ಬಂತು. ಮೊದಲು ಕಂಡದ್ದು ತಮ್ಮ, ದುಡ್ಡು ಕೊಟ್ಟಿದ್ದು ನಾನು. "ಮೈಸೂರಿಗೇ ಹೋಗಲಿ ಅಕ್ಕ, ಅದನ್ನು ನಾವು ನೋಡಿದ ಊರು ಅದು," ಅಂತ ಅವನೇ ಹೇಳಿದ. ತಮ್ಮನ ಹೆಂಡತಿ ಟವೆಲ್‌ನಲ್ಲಿ ಸುತ್ತಿ, ಸಡಿಲವಾಗಿದ್ದ ಬಲತೋಳಿಗೆ ಹತ್ತಿ ಇಟ್ಟು ಕೊಟ್ಟಳು. ವಿನೈಲ್ ಬಿಸಿಗೂ ಒತ್ತಡಕ್ಕೂ ಸೊಟ್ಟಗಾಗುತ್ತದೆ, ಅದಕ್ಕೇ ಕೈಚೀಲದಲ್ಲೇ ತಂದೆ. ಸೆಲ್ಲನ್ನು ಎರಡು ರಟ್ಟುಗಳ ನಡುವೆ ಇಟ್ಟೆ. ಚೀಟಿಗಳನ್ನು ಕಿತ್ತು ಬಿಸಾಡದೆ ಡೈರಿಯಲ್ಲಿ ಅಂಟಿಸಿದ್ದೇನೆ.

ನರಿತಾ ಎರಡನೇ ಟರ್ಮಿನಲ್‌ನಲ್ಲೂ ಗಾಶಪಾನ್ ಯಂತ್ರಗಳ ಸಾಲು. ಊರಿಗೆ ಹೋದ ಮೇಲೆ ಚಿಲ್ಲರೆ ನಾಣ್ಯ ಉಪಯೋಗಕ್ಕೆ ಬರುವುದಿಲ್ಲ ಅಂತ ತಿಳಿದೇ ಅವನ್ನು ಅಲ್ಲಿ ಇಟ್ಟದ್ದು. ಉಳಿದಿದ್ದ ನೂರರ ನಾಣ್ಯಗಳಿಗೆ ಒಂದು ಮಡಚುವ ಕುರ್ಚಿ ಸಿಕ್ಕಿತು, ನೀಲಿ ಬಣ್ಣದ್ದು.

ಗೇಟಿನ ಹತ್ತಿರ ಕೂತಿದ್ದಾಗ ಫೋನು ಬಂತು. ಅಳಿಯ ಹಿಂದಿನ ರಾತ್ರಿ ಅಪ್ಪನ ಜೊತೆ ಕೂತು ಜೈಂಟ್ ರೋಬೋವಿನ ಹಳೇ ಚಿತ್ರಗಳನ್ನೆಲ್ಲ ನೋಡಿದ್ದನಂತೆ. "ಅತ್ತೆ, ಆ ಕೆಟ್ಟ ಚಕ್ರವರ್ತಿಯ ಬೊಂಬೆನೂ ಇರತ್ತಾ? ರೋಬೋ ನಿಮ್ಮನೇಲಿದ್ರೆ ವೈರಿ ನಮ್ಮನೇಲಿರ್ಬೇಕು." ಹಿಂದಿನಿಂದ ತಮ್ಮನ ದನಿ ಕೇಳಿಸಿತು: ಮುಂದಿನ ರಜೆಗೆ ಒಸಾಕಾ, ಅಲ್ಲಿನ ನಿಪ್ಪೊಂಬಾಶಿ ಬಡಾವಣೆಯ ಅಂಗಡಿಗಳಲ್ಲಿ ಹುಡುಕೋಣ, ಅಕ್ಕನನ್ನೂ ಕರೀ.